ಊಟದ ಹೊತ್ತಿಗೆ ಊರು ಸೇರಿ: ರಜೆಯಲ್ಲಿ ನಾಡು ನೋಡಲು ಹೊರಡುವ ಕುಟುಂಬಗಳಿಗೊಂದು ಬಹಿರಂಗ ಪತ್ರ



ಬೇಸಿಗೆ ರಜೆ, ದಸರೆ ರಜೆ ಮತ್ತು ಸಾಲು ರಜೆ ಕೂಡಿಬಂದ ವಾರಾಂತ್ಯಗಳಲ್ಲಿ ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಹುಬ್ಬಳ್ಳಿಯಿಂದಲೋ ಕಾರು ಹತ್ತಿ ಹೊರಡುವ ಕುಟುಂಬಗಳು ನೋಡಬೇಕಾದ ಗುಡಿ, ಕೋಟೆ, ಜಲಪಾತಗಳ ಪಟ್ಟಿಯನ್ನು ವಾರಗಳ ಮೊದಲೇ ಸಿದ್ಧಪಡಿಸಿಕೊಳ್ಳುತ್ತವೆ, ಉಳಿದುಕೊಳ್ಳುವ ಕೊಠಡಿಯನ್ನು ಮುಂಗಡ ಕೊಟ್ಟು ಕಾಯ್ದಿರಿಸುತ್ತವೆ, ಆದರೆ ಊಟದ ವಿಚಾರವನ್ನು ಮಾತ್ರ ಹಸಿವಿನ ಕೈಗೆ ಒಪ್ಪಿಸಿಬಿಡುತ್ತವೆ. ಹಸಿವಾದಾಗ ಎದುರಾಗುವುದು ಸಾಮಾನ್ಯವಾಗಿ ಹೆದ್ದಾರಿಯ ಬದಿಯ ದೊಡ್ಡ ಹೋಟೆಲು. ಅದರ ಫಲಕದಲ್ಲಿ ಸೌತ್ ಇಂಡಿಯನ್, ನಾರ್ತ್ ಇಂಡಿಯನ್, ಚೈನೀಸ್, ಚಾಟ್ಸ್, ಜ್ಯೂಸ್ ಎಂದು ಬರೆದಿರುತ್ತದೆ, ಕಾರು ನಿಲ್ಲಿಸಲು ವಿಶಾಲವಾದ ಜಾಗವಿರುತ್ತದೆ, ಊಟವೂ ಹೊಟ್ಟೆ ತುಂಬುವಷ್ಟು ಸಿಗುತ್ತದೆ. ಮನೆಗೆ ಮರಳಿದ ಮೇಲೆ ಆ ಊರಿನ ಗುಡಿಯ ಫೋಟೋ ಹತ್ತಾರು ಇರುತ್ತವೆ, ಆ ಊರಿನಲ್ಲಿ ತಿಂದದ್ದು ಏನೆಂದು ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ಕೆಲವರಂತೂ ಆ ಕಡೆ ಒಳ್ಳೆಯ ಹೋಟೆಲೇ ಇಲ್ಲ ಎಂಬ ತೀರ್ಪನ್ನೂ ಕೊಟ್ಟುಬಿಡುತ್ತಾರೆ. ಈ ಪತ್ರವನ್ನು ಬರೆದಿರುವುದು ಆ ತೀರ್ಪಿನ ಮರುಪರಿಶೀಲನೆಗೆ ತಮ್ಮನ್ನು ಕೋರಲು. ಊರೂರಿನ ಪ್ರಸಿದ್ಧ ಹೋಟೆಲುಗಳ ಪಟ್ಟಿ ಇದರಲ್ಲಿ ಇಲ್ಲ, ಅಂಥ ಪಟ್ಟಿಗಳಿಗೆ ಈಗ ಬರವೂ ಇಲ್ಲ. ಪಟ್ಟಿ ಕೈಯಲ್ಲಿದ್ದೂ ಒಳ್ಳೆಯ ಊಟ ತಪ್ಪಿಹೋಗುವುದು ಏಕೆ ಎಂಬುದೇ ಇಲ್ಲಿಯ ವಿಚಾರ.

ಪ್ರಯಾಣಿಕರ ದೃಷ್ಟಿಯಿಂದ ನೋಡಿದರೆ ನಾಡಿನ ತಿನಿಸುಗಳಲ್ಲಿ ಎರಡು ಬಗೆಗಳಿವೆ. ಒಂದು, ತಾಳಿಕೆಯುಳ್ಳ ತಿನಿಸು, ಅಂದರೆ ಮಾಡಿಟ್ಟರೆ ದಿನಗಟ್ಟಲೆ ಕೆಡದೆ ರುಚಿಯನ್ನು ಉಳಿಸಿಕೊಳ್ಳುವಂಥದ್ದು. ಧಾರವಾಡದ ಪೇಡೆ, ಗೋಕಾಕ ಮತ್ತು ಅಮೀನಗಡದ ಕರದಂಟು, ಬೆಳಗಾವಿಯ ಕುಂದಾ, ಮದ್ದೂರಿನ ವಡೆ ಈ ಗುಂಪಿಗೆ ಸೇರುತ್ತವೆ. ಇನ್ನೊಂದು, ತಾಳದ ತಿನಿಸು. ಕಾವಲಿಯಿಂದಲೋ ಒಲೆಯಿಂದಲೋ ಇಳಿದ ಕೆಲವೇ ನಿಮಿಷಗಳಲ್ಲಿ ಅದರ ಗುಣ ಬದಲಾಗುತ್ತದೆ, ಅದಕ್ಕೆ ಬೇಕಾದ ಹಿಟ್ಟು, ಮೀನು ಅಥವಾ ಸೊಪ್ಪು ದಿನದ ಒಂದು ಹೊತ್ತಿನಲ್ಲಿ ಇಲ್ಲವೇ ವರ್ಷದ ಒಂದು ಕಾಲದಲ್ಲಿ ಮಾತ್ರ ಹದವಾಗಿರುತ್ತದೆ. ಬೆಣ್ಣೆ ದೋಸೆ, ಬಿಸಿ ಜೋಳದ ರೊಟ್ಟಿ, ರಾಗಿ ಮುದ್ದೆ, ಕರಾವಳಿಯ ಮೀನೂಟ ಇವೆಲ್ಲ ಈ ಎರಡನೆಯ ಗುಂಪಿನವು. ಮೊದಲ ಗುಂಪಿನದನ್ನು ಎಲ್ಲಿ ಕೊಂಡರೂ ಹೆಚ್ಚು ನಷ್ಟವಿಲ್ಲ. ಎರಡನೆಯ ಗುಂಪಿನದಕ್ಕಾದರೆ ತಿನ್ನುವವರೇ ಅದಿರುವ ಕಡೆಗೆ, ಅದು ಹದವಾಗಿರುವ ಹೊತ್ತಿಗೆ ಹೋಗಬೇಕಾಗುತ್ತದೆ. ನೆನಪಿನಲ್ಲಿ ಉಳಿಯುವ ಹೋಟೆಲುಗಳು ಬಹುಮಟ್ಟಿಗೆ ಈ ತಾಳದ ತಿನಿಸನ್ನೇ ನೆಚ್ಚಿಕೊಂಡವು ಎಂಬುದನ್ನು ಗಮನಿಸಿದರೆ, ಊರಿಗೆ ಮಧ್ಯಾಹ್ನ ಮೂರೂವರೆಗೆ ಬಂದು ಇಳಿಯುವ ಕುಟುಂಬಕ್ಕೆ ಅವು ಏಕೆ ಸಿಗುವುದಿಲ್ಲ ಎಂಬುದೂ ಅರ್ಥವಾಗುತ್ತದೆ.

ತಾಳಿಕೆಯ ತಿನಿಸು ಪ್ರಯಾಣಿಕರಿಗಾಗಿಯೇ ಹುಟ್ಟಿಕೊಂಡ ಉದಾಹರಣೆಯೂ ಇದೆ. ಮದ್ದೂರು ವಡೆಯ ಹುಟ್ಟಿನ ಬಗ್ಗೆ ಪ್ರಚಲಿತವಾಗಿರುವ ಕಥೆಯಂತೆ, 1917ರ ಸುಮಾರಿಗೆ ಮದ್ದೂರು ರೈಲು ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯ ಎಂಬವರು ರೈಲು ಹೊರಡುವುದರೊಳಗೆ ಗಿರಾಕಿಗಳಿಗೆ ಕೊಡಬೇಕಾಗಿ ಬಂದು, ಪಕೋಡಕ್ಕೆ ಕಲಸಿದ್ದನ್ನೇ ತಟ್ಟಿ ಕರಿದು ಕೊಟ್ಟರು. ಕಥೆಯ ವಿವರಗಳು ಹೇಗೇ ಇರಲಿ, ರವೆ, ಮೈದಾ, ಅಕ್ಕಿಹಿಟ್ಟುಗಳಿಗೆ ಈರುಳ್ಳಿ, ಕರಿಬೇವು ಸೇರಿಸಿ ಕಲಸುವ ಈ ವಡೆಗೆ ನೆನೆಸುವ, ರುಬ್ಬುವ, ಹುಳಿ ಬರಿಸುವ ಕೆಲಸವಿಲ್ಲ ಎಂಬುದು ನಿಜ. ರೈಲಿನ ಗಡಿಬಿಡಿಗೆ ಅದು ಹೇಳಿ ಮಾಡಿಸಿದಂತಿದೆ. ಅದನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಮೈಸೂರಿನಲ್ಲಿ ತಿಂದರೂ ಅದು ಮದ್ದೂರು ವಡೆಯೇ. ಇದೇ ಉಪಚಾರವನ್ನು ದೋಸೆಗೆ ಮಾಡಿದರೆ ಕಾಗದದೊಳಗಿನ ಹಬೆಗೆ ಗರಿ ಹೋಗಿ, ಬಿಡಿಸುವಾಗ ಕೈಗೆ ಬರುವುದು ಒದ್ದೆಯಾದ ಇನ್ನೊಂದೇ ವಸ್ತು.

ದಾವಣಗೆರೆಯ ಬೆಣ್ಣೆ ದೋಸೆಯ ಸಂಗತಿಯನ್ನೇ ತೆಗೆದುಕೊಳ್ಳಬಹುದು. 1928ರ ಸುಮಾರಿಗೆ ಬೆಳಗಾವಿ ಸೀಮೆಯಿಂದ ಮಕ್ಕಳೊಂದಿಗೆ ವಲಸೆ ಬಂದ ಚೆನ್ನಮ್ಮ ಎಂಬ ಮಹಿಳೆ ನಾಟಕದ ಥಿಯೇಟರಿನ ಬಳಿ ರಾಗಿ ದೋಸೆ ಮಾಡಿ ಮಾರಲು ಆರಂಭಿಸಿದರೆಂದೂ, ಅವರ ಮಕ್ಕಳ ಕಾಲಕ್ಕೆ ಅದು ಅಕ್ಕಿ ಹಿಟ್ಟಿನ ಬೆಣ್ಣೆ ದೋಸೆಯಾಯಿತೆಂದೂ ಆ ಊರಿನಲ್ಲಿ ಹೇಳುತ್ತಾರೆ. ಈ ದೋಸೆಯ ಹಿಟ್ಟಿಗೆ ಅಕ್ಕಿ ಉದ್ದಿನ ಜೊತೆಗೆ ಮಂಡಕ್ಕಿಯೂ ಸೇರುತ್ತದೆ. ಮೇಲೆ ಗರಿಯಾಗಿ ಒಳಗೆ ಮೆತ್ತಗಾಗುವುದಕ್ಕೆ ಅದೂ ಒಂದು ಕಾರಣ. ಕಟ್ಟಿಗೆಯ ಉರಿ, ಕಾದ ಕಬ್ಬಿಣದ ಕಾವಲಿ, ಧಾರಾಳವಾಗಿ ಬೆಣ್ಣೆ, ಪಕ್ಕದಲ್ಲಿ ಅರಿಸಿನವಿಲ್ಲದ ಬಿಳಿಯ ಆಲೂಗಡ್ಡೆ ಪಲ್ಯ ಮತ್ತು ತೆಳುವಾದ ಕಾಯಿ ಚಟ್ನಿ, ಇಷ್ಟೇ ಅದರ ವೈಭವ. ಹಿಂದಿನ ದಿನ ರುಬ್ಬಿಟ್ಟ ಹಿಟ್ಟು ರಾತ್ರಿಯಿಡೀ ಹುದುಗಿ ಬೆಳಗಿನ ಹೊತ್ತಿಗೆ ಹದಕ್ಕೆ ಬಂದಿರುತ್ತದೆ, ಬಿಸಿಲೇರಿದಂತೆ ಹುಳಿಯೂ ಏರುತ್ತದೆ. ಬೆಂಗಳೂರಿನಿಂದ ಸುಮಾರು 260 ಕಿಲೋಮೀಟರು ದೂರದ ಈ ಊರನ್ನು ಹುಬ್ಬಳ್ಳಿಗೋ ಬೆಳಗಾವಿಗೋ ಹೋಗುವ ದಾರಿಯಲ್ಲಿ ಮಧ್ಯಾಹ್ನದ ಉರಿಬಿಸಿಲಿನಲ್ಲಿ ದಾಟುವವರು, ಹೆದ್ದಾರಿಯ ಬದಿಯಲ್ಲಿ ದಾವಣಗೆರೆಯ ಹೆಸರು ಹಾಕಿಕೊಂಡ ಯಾವುದೋ ಅಂಗಡಿಯಲ್ಲಿ ತಿಂದು, ಇದರಲ್ಲಿ ಅಂಥದ್ದೇನಿದೆ ಎಂದು ಕೇಳುವುದು ಸಹಜ. ನಸುಕಿನಲ್ಲಿ ಹೊರಟು ಒಂಬತ್ತು ಒಂಬತ್ತೂವರೆಗೆ ಊರೊಳಗೆ ಹೋದವರು ಆ ಪ್ರಶ್ನೆ ಕೇಳುವುದಿಲ್ಲ. ದಾರಿ ಅದೇ, ಖರ್ಚು ಅದೇ, ಬದಲಾದದ್ದು ಹೊರಟ ಹೊತ್ತು ಮಾತ್ರ.

ಹೊತ್ತಿನ ಮಿತಿ ಹೋಟೆಲಿನ ಬಾಗಿಲಿಗೂ ಇದೆ. ಬೆಂಗಳೂರಿನ ಗಾಂಧಿಬಜಾರಿನಲ್ಲಿ 1943ರಿಂದ ನಡೆದುಬಂದಿರುವ ದೋಸೆಯ ಹೋಟೆಲು ವಿದ್ಯಾರ್ಥಿ ಭವನ ಶುಕ್ರವಾರ ಬಾಗಿಲು ತೆರೆಯುವುದಿಲ್ಲ, ಉಳಿದ ದಿನಗಳಲ್ಲೂ ಬೆಳಗಿನ ವ್ಯಾಪಾರ ಮುಗಿದ ಮೇಲೆ ಬಿಡುವು ಕೊಟ್ಟೇ ಮತ್ತೆ ತೆರೆಯುತ್ತದೆ. ಇದನ್ನು ಗಿರಾಕಿಗಳ ಬಗೆಗಿನ ಉದಾಸೀನ ಎಂದು ಬಗೆಯುವವರಿದ್ದಾರೆ. ಅಡುಗೆಯವರಿಗೆ ಬಿಡುವು ಬೇಕು, ಕಾವಲಿ ತೊಳೆಯಬೇಕು, ಸಂಜೆಯ ಸರದಿಗೆ ತಯಾರಾಗಬೇಕು ಎಂಬ ಸರಳ ಲೆಕ್ಕವನ್ನು ಅವರು ಮರೆತಿರುತ್ತಾರೆ. ಮುಂಬಯಿಯ ಮಾಟುಂಗಾದಲ್ಲಿ ಎ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಊಟಕ್ಕೆ ಸರದಿ ಕಾಯುವ ಮುಂಬಯಿ ಕನ್ನಡಿಗರು ಈ ಲೆಕ್ಕವನ್ನು ಬಲ್ಲರು. ಇಷ್ಟರೊಳಗೆ ಬಂದರೆ ಊಟ, ಇಲ್ಲವಾದರೆ ಇಲ್ಲ ಎಂಬುದು ಅಲ್ಲಿ ಯಾರಿಗೂ ಅವಮಾನವೆನಿಸುವುದಿಲ್ಲ.

ಉತ್ತರ ಕರ್ನಾಟಕಕ್ಕೆ ಬಂದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಅಲ್ಲಿ ಖಾನಾವಳಿ ಎಂದರೆ ಮನೆಯೂಟದ ಕ್ರಮದಲ್ಲಿ ರೊಟ್ಟಿ, ಪಲ್ಯ, ಅನ್ನ, ಸಾರುಗಳನ್ನು ಬಡಿಸುವ ಊಟದ ಮನೆ. ಬಹಳಷ್ಟು ಕಡೆ ಒಂದೇ ಕುಟುಂಬ ಅದನ್ನು ನಡೆಸುತ್ತದೆ, ರೊಟ್ಟಿ ಬಡಿಯಲು ಓಣಿಯ ಒಬ್ಬಿಬ್ಬರು ಹೆಣ್ಣುಮಕ್ಕಳು ಬರುತ್ತಾರೆ, ಮಧ್ಯಾಹ್ನ ಮತ್ತು ರಾತ್ರಿ ಎರಡೇ ಹೊತ್ತು ಊಟ. ಗೋಧಿಯ ಹಿಟ್ಟಿನಲ್ಲಿರುವ ಅಂಟುಗುಣ ಜೋಳದ ಹಿಟ್ಟಿನಲ್ಲಿ ಇಲ್ಲವಾದ್ದರಿಂದ ಚಪಾತಿಯಂತೆ ತಣ್ಣೀರಿನಲ್ಲಿ ಕಲಸಿ ಲಟ್ಟಿಸಲು ಅದು ಒಗ್ಗುವುದಿಲ್ಲ. ನೀರನ್ನು ಕುದಿಸಿ, ಆ ಕುದಿನೀರನ್ನು, ಅಂದರೆ ಎಸರನ್ನು, ಹಿಟ್ಟಿಗೆ ಹಾಕಿ ಬಿಸಿ ಇರುವಾಗಲೇ ನಾದಬೇಕು. ಆಗ ಹಿಟ್ಟಿಗೆ ಜಿಗಿ ಬರುತ್ತದೆ. ನಾದಿದ ಉಂಡೆಯನ್ನು ಒಣಹಿಟ್ಟಿನ ಮೇಲೆ ಇಟ್ಟು ಅಂಗೈಯಿಂದ ಬಡಿಯುತ್ತ, ತಿರುಗಿಸುತ್ತ ಹೋದಂತೆ ರೊಟ್ಟಿ ಅಗಲವಾಗುತ್ತದೆ. ಹಂಚಿನ ಮೇಲೆ ಹಾಕಿದೊಡನೆ ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಾರೆ, ಆ ನೀರು ಆರುವ ಹೊತ್ತಿಗೆ ಮಗುಚುತ್ತಾರೆ, ಬಳಿಕ ನೇರವಾಗಿ ಉರಿಗೆ ಒಡ್ಡಿದಾಗ ರೊಟ್ಟಿ ಉಬ್ಬುತ್ತದೆ. ಹಿಟ್ಟು ಹಳತಾಗಿದ್ದರೆ ಜಿಗಿ ಹೋಗಿ ಬಡಿಯುವಾಗಲೇ ಅಂಚು ಒಡೆಯುತ್ತದೆ, ಬಾಯಿಗೆ ಕಹಿ ಹತ್ತುತ್ತದೆ. ಆದ್ದರಿಂದ ಬೇಕಾದಷ್ಟೇ ಜೋಳವನ್ನು ಆಗಾಗ ಬೀಸಿಸುವುದು ರೂಢಿ. ಜೋಳಗಳಲ್ಲೂ ಹಿಂಗಾರಿನ ಬಿಳಿಜೋಳಕ್ಕೆ, ವಿಶೇಷವಾಗಿ ವಿಜಯಪುರ ಸೀಮೆಯ ಎರೆಭೂಮಿಯಲ್ಲಿ ಬೆಳೆಯುವ ಮಾಲದಂಡಿಗೆ, ರೊಟ್ಟಿ ಬಡಿಯುವವರಲ್ಲಿ ಹೆಚ್ಚು ಮನ್ನಣೆ ಇದೆ.

ಆ ಸೀಮೆಯ ಒಂದು ಖಾನಾವಳಿಯಲ್ಲಿ ಈ ಪತ್ರದ ಲೇಖಕರು ಕಣ್ಣಾರೆ ಕಂಡ ಸಂಗತಿಯೊಂದನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗದು. ಮಧ್ಯಾಹ್ನದ ಊಟದ ಸರದಿ ಮುಗಿದು, ಹಂಚು ಇಳಿಸಿ, ರೊಟ್ಟಿ ಬಡಿಯುವಾಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ತನ್ನ ಊಟಕ್ಕೆ ಕುಳಿತ ಹೊತ್ತಿಗೆ ದೊಡ್ಡದೊಂದು ಕುಟುಂಬ ಬಂದಿಳಿಯಿತು. ಮಾಲೀಕರು ಎದ್ದು ನಿಂತು, "ಬಿಸಿ ರೊಟ್ಟಿ ಮುಗದಾವ್ರೀ ಅಣ್ಣಾರ, ಕಟಿ ರೊಟ್ಟಿ ಅದಾವ, ಉಣ್ತೀರೇನ್ರಿ?" ಎಂದು ಕೇಳಿದರು. ಬಂದವರು ಫ್ರೈಡ್ ರೈಸ್ ಇದೆಯೇ, ಪನೀರ್ ಇದೆಯೇ ಎಂದು ಒಂದೊಂದಾಗಿ ವಿಚಾರಿಸಿ, ಇಲ್ಲ ಎಂಬ ಉತ್ತರಕ್ಕೆ ಬೇಸರಗೊಂಡು ಹೊರಟುಹೋದರು. ಕಟಿ ರೊಟ್ಟಿ ಎಂದರೆ ತೆಳುವಾಗಿ ಬಡಿದು, ಸುಟ್ಟು, ಒಣಗಿಸಿಟ್ಟ ಗರಿಗರಿ ರೊಟ್ಟಿ. ಅದು ವಾರಗಟ್ಟಲೆ ತಾಳುತ್ತದೆ ಮತ್ತು ಎಣ್ಣೆಗಾಯಿ, ಮಡಕೆ ಕಾಳಿನ ಪಲ್ಯ, ಶೇಂಗಾ ಹಿಂಡಿ, ಕೆನೆಮೊಸರಿನ ಜೊತೆಗೆ ಅದನ್ನು ಮುರಿದು ತಿನ್ನುವ ಸುಖ ಬಿಸಿ ರೊಟ್ಟಿಯ ಸುಖಕ್ಕಿಂತ ಬೇರೆಯೇ ಬಗೆಯದು. ಹೊತ್ತು ಮೀರಿ ಬಂದವರಿಗಾಗಿಯೇ ಆ ಸೀಮೆಯ ಅಡುಗೆ ಕಂಡುಕೊಂಡಿರುವ ಉಪಾಯವನ್ನು ಆ ಕುಟುಂಬ ಕೇಳಿ ತಿಳಿದುಕೊಳ್ಳಲೂ ಇಲ್ಲ. ಅವರು ತಿಂಡಿಪೋತರಲ್ಲ, ದುರಹಂಕಾರಿಗಳೂ ಅಲ್ಲ, ಮಕ್ಕಳು ಹಸಿದಿದ್ದ ಸಾಮಾನ್ಯ ಮನೆಯವರು. ಆದರೂ ಹೋಟೆಲಿಗೆ ಹೋದವರು ತಮಗೆ ಬೇಕಾದುದನ್ನು ಕೇಳುವುದೇ ಕ್ರಮ ಎಂಬ ನಂಬಿಕೆ ಅವರ ಊಟವನ್ನು ಕೆಡಿಸಿತು. ಇಂಥ ಕಡೆಗಳಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ "ಈಗ ಏನಿದೆ?" ಎಂಬುದು.

ಮಾಂಸಾಹಾರದ ಹೋಟೆಲುಗಳ ವಿಷಯದಲ್ಲಿ ಇನ್ನೊಂದು ಮಾತನ್ನು ಸ್ವಲ್ಪ ಬಿಚ್ಚಿ ಹೇಳಬೇಕಾಗಿದೆ. ಪ್ರವಾಸದ ಪುಸ್ತಕಗಳಲ್ಲೂ ಪತ್ರಿಕೆಗಳ ಪುರವಣಿಗಳಲ್ಲೂ ಕರ್ನಾಟಕದ ತಿನಿಸು ಎಂಬ ಶೀರ್ಷಿಕೆಯಡಿ ಬರುವುದು ಹೆಚ್ಚಾಗಿ ಇಡ್ಲಿ, ದೋಸೆ, ಫಿಲ್ಟರ್ ಕಾಫಿಗಳ ಕಥೆ. 1924ರಲ್ಲಿ ಬ್ರಾಹ್ಮಣ ಕಾಫಿ ಕ್ಲಬ್ ಎಂಬ ಹೆಸರಿನಲ್ಲಿ ಆರಂಭವಾಗಿ ಮುಂದೆ ಮಾವಳ್ಳಿ ಟಿಫಿನ್ ರೂಮ್ ಎಂದು ಹೆಸರಾದ ಹೋಟೆಲಿನ ಚರಿತ್ರೆ ಅಷ್ಟು ವಿವರವಾಗಿ ದಾಖಲಾಗಿರುವಾಗ, 1935ರಿಂದ ನಡೆಯುತ್ತಿರುವ ಬೆಂಗಳೂರಿನ ಶಿವಾಜಿ ಮಿಲಿಟರಿ ಹೋಟೆಲಿನಂಥವುಗಳಿಗೆ ಸಿಕ್ಕಿರುವ ಪುಟಗಳು ಕಡಿಮೆ. ಮಿಲಿಟರಿ ಹೋಟೆಲು ಎಂದರೆ ಹಳೆಯ ಮೈಸೂರು ಸೀಮೆಯಲ್ಲಿ ಮಾಂಸದೂಟದ ಹೋಟೆಲು. ಮುದ್ದೆ, ಕಾಲು ಸೂಪು, ಖೀಮಾ, ದೊನ್ನೆ ಬಿರಿಯಾನಿ ಅಲ್ಲಿಯ ಮುಖ್ಯ ಅಡುಗೆಗಳು. ಹುಬ್ಬಳ್ಳಿ-ಧಾರವಾಡ, ಗದಗ-ಬೆಟಗೇರಿಗಳಲ್ಲಿ ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ ಸಮುದಾಯದವರು ನಡೆಸುವ ಸಾವಜಿ ಹೋಟೆಲುಗಳು ಖಾರಕ್ಕೂ ಕೆಂಪು ರಸಕ್ಕೂ ಹೆಸರಾದವು. ಕಲಬುರಗಿಯಲ್ಲಿ ಬೆಳಗಿನ ಹೊತ್ತಿಗೇ ತಹರಿ, ಅಂದರೆ ಮಾಂಸ ಹಾಕಿ ಬೇಯಿಸಿದ ಹಳದಿ ಅನ್ನ, ಬಿಸಿಯಾಗಿ ಸಿಗುತ್ತದೆ. ಹೊಸಕೋಟೆಯ ಬಿರಿಯಾನಿಗೆ ಭಾನುವಾರ ಸೂರ್ಯ ಹುಟ್ಟುವ ಮೊದಲೇ ಸಾಲು ನಿಂತಿರುತ್ತದೆ. ಸಸ್ಯಾಹಾರಿ ಕುಟುಂಬಗಳನ್ನು ಅಲ್ಲಿಗೆ ಹೋಗಿರೆಂದು ಕೇಳುವ ಉದ್ದೇಶ ಇಲ್ಲಿಲ್ಲ. ಮನೆಯಲ್ಲಿ ಮಾಂಸ ತಿನ್ನುವವರೂ ಪ್ರವಾಸದಲ್ಲಿ ಮಾತ್ರ ಇಡ್ಲಿ-ವಡೆಯನ್ನೇ ನಾಡಿನ ಊಟವೆಂದು ನಂಬಿ ಈ ಹೋಟೆಲುಗಳ ಎದುರಿನಿಂದಲೇ ಹಾದುಹೋಗುವುದು ವಿಚಿತ್ರವಾಗಿದೆ. ಇಲ್ಲಿಯೂ ಹೊತ್ತಿನ ಕಟ್ಟಳೆ ಕಟ್ಟುನಿಟ್ಟು: ಬೆಳಗ್ಗೆ ತಂದ ಮಾಂಸ ಮಧ್ಯಾಹ್ನದೊಳಗೆ ಖಾಲಿಯಾಗುತ್ತದೆ, ಆರಿದ ಮುದ್ದೆ ಗಟ್ಟಿಯಾಗಿ ಗಂಟಲಲ್ಲಿ ಇಳಿಯುವುದಿಲ್ಲ. ಮುದ್ದೆಯನ್ನು ಅಗಿಯದೆ, ತುತ್ತನ್ನು ಸಾರಿನಲ್ಲಿ ಅದ್ದಿ ನುಂಗುವುದು ಕ್ರಮ ಎಂದು ಮಕ್ಕಳಿಗೆ ಮೊದಲೇ ಹೇಳಿಕೊಟ್ಟರೆ ಅವರು ಅದನ್ನೊಂದು ಆಟವನ್ನಾಗಿ ಮಾಡಿಕೊಂಡು ಉಣ್ಣುತ್ತಾರೆ.

ಕರಾವಳಿಯಲ್ಲಿ ದಿನದ ಗಡಿಯಾರದ ಜೊತೆಗೆ ವರ್ಷದ ಗಡಿಯಾರವೂ ಇದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮಳೆಗಾಲದಲ್ಲಿ ಮೀನುಗಳ ಸಂತಾನ ವೃದ್ಧಿಗೆ ಅವಕಾಶ ಕೊಡುವುದು ಮತ್ತು ಕಡಲು ಪ್ರಕ್ಷುಬ್ಧವಾಗಿರುವಾಗ ಜೀವಹಾನಿಯನ್ನು ತಪ್ಪಿಸುವುದು ಇದರ ಹಿಂದಿನ ಕಾರಣಗಳು. ಆ ಎರಡು ತಿಂಗಳು ದಡದ ಸಮೀಪದ ನಾಡದೋಣಿಗಳು ತಂದ ಮೀನು, ಹೊಳೆಯ ಮೀನು, ಹೊರಗಿನಿಂದ ಬಂದ ಮೀನು ಮತ್ತು ಮಂಜುಗಡ್ಡೆಯಲ್ಲಿಟ್ಟ ದಾಸ್ತಾನು ಇವುಗಳಿಂದಲೇ ಹೋಟೆಲುಗಳು ನಡೆಯಬೇಕು. ಶಾಲೆ ಆರಂಭವಾಗುವ ಮುನ್ನ ಕಡೆಯ ಸುತ್ತು ಎಂದು ಜೂನ್ ಮೊದಲ ವಾರ ಮಂಗಳೂರಿಗೋ ಮಲ್ಪೆಗೋ ಹೋಗಿ, ಅಂಜಲ್ ದುಬಾರಿಯಾಯಿತು, ಕಾಣೆ ಸಿಗಲಿಲ್ಲ ಎಂದು ಹೋಟೆಲಿನವರನ್ನು ದೂರುವವರು ಈ ಲೆಕ್ಕವನ್ನು ತಿಳಿದಿರುವುದು ಒಳ್ಳೆಯದು. ಮಂಗಳೂರಿನ ಬಂದರು ಪ್ರದೇಶದಲ್ಲಿ ಮತ್ತು ರಥಬೀದಿಯ ಸುತ್ತಮುತ್ತ ಇರುವ ಮೀನೂಟದ ಹೋಟೆಲುಗಳಲ್ಲಿ ಊಟವೆಂದರೆ ಕುಚ್ಚಲಕ್ಕಿ ಅನ್ನ, ಅಂದರೆ ಭತ್ತವನ್ನು ಮೊದಲೇ ಬೇಯಿಸಿ ಒಣಗಿಸಿ ಮಾಡಿದ ಕೆಂಪು ಅಕ್ಕಿಯ ಅನ್ನ, ಮೀನಿನ ಸಾರು, ಒಂದು ಪಲ್ಯ, ಉಪ್ಪಿನಕಾಯಿ. ಕರಿದ ಮೀನಿಗೆ ಪ್ರತ್ಯೇಕ ದರ. ಅಂದಿನ ಬಲೆಗೆ ಬಂಗುಡೆ ಬಿದ್ದಿದ್ದರೆ ಬಂಗುಡೆ, ಬೊಳೆಂಜಿರ್ ಬಿದ್ದಿದ್ದರೆ ಬೊಳೆಂಜಿರ್. ಅಗ್ಗದ ಬಂಗುಡೆಯನ್ನು ಅದು ತಾಜಾ ಇದ್ದ ದಿನ ತಿಂದವರು, ದಾಸ್ತಾನಿನ ಅಂಜಲಿಗೆ ನಾಲ್ಕುಪಟ್ಟು ಕೊಟ್ಟವರಿಗಿಂತ ಚೆನ್ನಾಗಿ ಉಂಡಿರುತ್ತಾರೆ. ಬಡಿಸುವವರನ್ನು ಕೇಳಿದರೆ ಅವರೇ ಇದನ್ನು ಹೇಳುತ್ತಾರೆ.

ಮೀನು ವಿರಳವಾದ ಆ ತಿಂಗಳುಗಳು ಕೆಸುವಿನ ಎಲೆಯ ಪತ್ರೊಡೆಗೆ ಮತ್ತು ಎಳೆ ಬಿದಿರಿನ ಕಳಲೆಗೆ ಸುಗ್ಗಿಕಾಲ ಎಂಬುದು ಗಮನಾರ್ಹ. ಕೆಸುವಿನ ಎಲೆ ನಾಲಗೆಗೆ ತುರಿಸುವುದರಿಂದ ಎಲೆಗೆ ಸವರುವ ಹಿಟ್ಟಿಗೆ ಹುಣಸೆಯ ಹುಳಿ ಮುಂದಾಗಿ ಬೇಕು. ಕಳಲೆಯಲ್ಲಿ ವಿಷದ ಅಂಶವಿರುವುದರಿಂದ ಅದನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿಯೇ ಅಡುಗೆಗೆ ಬಳಸುತ್ತಾರೆ. ಇಷ್ಟು ತಾಪತ್ರಯದ ಅಡುಗೆಯನ್ನು ಮೆನು ಕಾರ್ಡಿನಲ್ಲಿ ಅಚ್ಚು ಹಾಕಿಸಿಡಲು ಯಾವ ಹೋಟೆಲಿಗೂ ಆಗದು. ಕೊಡಗಿನಲ್ಲಿ, ಮಲೆನಾಡಿನಲ್ಲಿ, ಕರಾವಳಿಯಲ್ಲಿ ಅದು ಸಿಗುವುದು ಸಣ್ಣ ಹೋಟೆಲಿನ ಗೋಡೆಯ ಕಪ್ಪುಹಲಗೆಯ ಮೇಲೆ, ಇಲ್ಲವೇ ಹೋಂಸ್ಟೇಯ ಅಡುಗೆಮನೆಯಲ್ಲಿ, ಅದೂ ಹಿಂದಿನ ದಿನವೇ ಹೇಳಿಟ್ಟಿದ್ದರೆ.

ಮೆನು ಕಾರ್ಡಿನ ವಿಷಯ ಬಂದದ್ದರಿಂದ ಅದರ ಒಳಗುಟ್ಟನ್ನೂ ಹೇಳಿಬಿಡಬಹುದು. ಇನ್ನೂರು ತಿನಿಸುಗಳ ಹೆಸರಿರುವ ಹೋಟೆಲಿನ ಅಡುಗೆಮನೆಯಲ್ಲಿ ಇನ್ನೂರು ಅಡುಗೆಗಳು ಆಗುವುದಿಲ್ಲ. ಈರುಳ್ಳಿ, ಟೊಮೆಟೊ, ಗೋಡಂಬಿಗಳಿಂದ ಮಾಡಿಟ್ಟ ಎರಡು ಮೂರು ಬಗೆಯ ಗ್ರೇವಿಗಳು ಇರುತ್ತವೆ, ಅದಕ್ಕೆ ಪನೀರು ಬಿದ್ದರೆ ಒಂದು ಹೆಸರು, ಅಣಬೆ ಬಿದ್ದರೆ ಇನ್ನೊಂದು. ಇದರಲ್ಲಿ ಮೋಸವೇನೂ ಇಲ್ಲ, ಯಾವ ಹೊತ್ತಿಗೆ ಯಾರು ಬಂದರೂ ಏನಾದರೂ ಕೊಡಬೇಕೆಂದರೆ ಇದಲ್ಲದೆ ಬೇರೆ ದಾರಿಯೂ ಇಲ್ಲ. ಆರ್. ಪ್ರಭಾಕರ್ ಅವರು 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಆರಂಭಿಸಿದ ಕೆಫೆ ದರ್ಶಿನಿಯಿಂದ ಹಬ್ಬಿದ, ನಿಂತುಕೊಂಡೇ ತಿಂದು ಹೋಗುವ ದರ್ಶಿನಿ ಹೋಟೆಲುಗಳು ನಗರದ ಜನರ ಆತುರಕ್ಕೂ ಜೇಬಿಗೂ ಮಾಡಿರುವ ಉಪಕಾರ ದೊಡ್ಡದು. ಆದರೆ ಅದೇ ಖಾರಾಬಾತು, ಚೌಚೌಬಾತುಗಳನ್ನು ಗದಗದಲ್ಲೂ ಕೊಪ್ಪಳದಲ್ಲೂ ಹುಡುಕಿ ತಿಂದು, ಪಕ್ಕದ ಬೀದಿಯ ಒಗ್ಗರಣೆ ಮಂಡಕ್ಕಿ ಮತ್ತು ಬಿಸಿ ಮಿರ್ಚಿ ಭಜಿಯನ್ನು ಬಿಟ್ಟು ಬಂದವರಿಗೆ, ಆ ಊರಿಗೆ ಹೋಗಿದ್ದೇವೆ ಎಂದು ಹೇಳಿಕೊಳ್ಳುವುದಕ್ಕೆ ಪೆಟ್ರೋಲಿನ ರಸೀದಿಯೊಂದೇ ಆಧಾರ.

ಹಾಗಾದರೆ ಯಾರನ್ನು ಕೇಳಬೇಕು? ತಂಗಿರುವ ಲಾಡ್ಜಿನ ಸ್ವಾಗತಕಾರರನ್ನು ಕೇಳಿದರೆ ಅವರು ಪ್ರವಾಸಿಗರಿಗೆ ಯಾವುದು ಸರಿಹೋಗಬಹುದು ಎಂದು ಊಹಿಸಿ, ಫ್ಯಾಮಿಲಿ ರೆಸ್ಟೋರೆಂಟನ್ನೇ ತೋರಿಸುತ್ತಾರೆ. ಪ್ರಶ್ನೆಯನ್ನು ತಿರುಗಿಸಿ, "ತಾವು ಮನೆಯವರೊಂದಿಗೆ ಹೊರಗೆ ಉಣ್ಣುವುದಾದರೆ ಎಲ್ಲಿಗೆ ಹೋಗುತ್ತೀರಿ, ಏನು ತಿನ್ನುತ್ತೀರಿ?" ಎಂದು ವಿಚಾರಿಸಿದರೆ ಉತ್ತರವೇ ಬದಲಾಗುತ್ತದೆ. ಆಟೋ ನಿಲ್ದಾಣ, ಎಪಿಎಂಸಿಯ ಹಮಾಲರು, ಔಷಧದ ಅಂಗಡಿಯವರು, ಬಸ್ ನಿಲ್ದಾಣದ ಹಿಂದಿನ ಬೀದಿಯ ಕ್ಷೌರದಂಗಡಿ, ಇವರೆಲ್ಲ ದಿನವೂ ಹೊರಗೆ ತಿನ್ನುವವರನ್ನು ಬಲ್ಲವರು. ಹೋಟೆಲಿನ ಹೆಸರಿಗಿಂತ ತಿನಿಸಿನ ಹೆಸರು ಹಿಡಿದು ಕೇಳುವುದು ಹೆಚ್ಚು ಫಲಕಾರಿ; ಏಕೆಂದರೆ ಬಹಳಷ್ಟು ಸಣ್ಣ ಹೋಟೆಲುಗಳನ್ನು ಊರಿನವರು ಗುರುತಿಸುವುದು ಫಲಕದಿಂದಲ್ಲ, ಮಾಲೀಕರ ಹೆಸರಿನಿಂದ ಅಥವಾ ಎದುರಿಗಿರುವ ಗುಡಿಯಿಂದ.

ಕುಟುಂಬಗಳಿಗೆ, ಅದರಲ್ಲೂ ಹೆಂಗಸರಿಗೂ ವಯಸ್ಸಾದವರಿಗೂ, ದೊಡ್ಡ ಹೋಟೆಲುಗಳೇ ಅನಿವಾರ್ಯವೆನಿಸಲು ನ್ಯಾಯವಾದ ಕಾರಣವೊಂದಿದೆ: ಶೌಚಾಲಯ. ಬಹುಪಾಲು ಖಾನಾವಳಿಗಳಲ್ಲಿ ಅದು ಇಲ್ಲ, ಇದ್ದರೂ ಬಳಸುವಂತಿರುವುದಿಲ್ಲ, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಹೆದ್ದಾರಿಯ ದೊಡ್ಡ ಹೋಟೆಲಿನಲ್ಲಿ ಕಾಫಿ ಕುಡಿದು, ಆ ಅನುಕೂಲವನ್ನು ಬಳಸಿಕೊಂಡು, ಊಟಕ್ಕೆ ಊರೊಳಗೆ ಹೋಗುವುದು ಇದಕ್ಕೆ ಸದ್ಯದ ಪರಿಹಾರ. ಶುಚಿತ್ವದ ಬಗ್ಗೆ ಅಂಜುವವರು ಗೋಡೆಯ ಬಣ್ಣವನ್ನು ನೋಡುವ ಬದಲು ಗಿರಾಕಿಗಳ ಓಡಾಟವನ್ನು ನೋಡಬಹುದು. ಮಾಡಿದ್ದು ಮಾಡಿದಂತೆ ಖರ್ಚಾಗುವ ಕಡೆ ಹಳಸಿದ್ದು ಉಳಿಯುವುದಕ್ಕೆ ಅವಕಾಶ ಕಡಿಮೆ, ಕಣ್ಣೆದುರಿಗೆ ಒಲೆಯಿಂದ ಇಳಿದದ್ದರಲ್ಲಿ ಅಪಾಯವೂ ಕಡಿಮೆ. ಕುಡಿಯುವ ನೀರನ್ನು ಮಾತ್ರ ಮನೆಯಿಂದಲೇ ಒಯ್ಯುವುದು ಕ್ಷೇಮ. ಹತ್ತು ಹನ್ನೆರಡು ಜನರಿರುವ ಕುಟುಂಬಗಳು ಬೆಳಗ್ಗೆಯೇ ಫೋನು ಮಾಡಿ ತಿಳಿಸಿದರೆ ಖಾನಾವಳಿಯವರು ಅಷ್ಟು ಹಿಟ್ಟು ಹೆಚ್ಚಿಗೆ ತೆಗೆದಿರಿಸುತ್ತಾರೆ. ಹಾಗೆ ತಿಳಿಸಿದ ಮೇಲೆ ಹೋಗದೆ ಇರುವುದು ಮಾತ್ರ ದೊಡ್ಡ ಅನ್ಯಾಯ.

2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯ ಬಗ್ಗೆ ಹೇಳದೆ ಈ ಪತ್ರವನ್ನು ಮುಗಿಸಲಾಗದು. ಸುಮಾರು 118 ಕಿಲೋಮೀಟರಿನ ಈ ರಸ್ತೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಬೈಪಾಸಿನ ಮೂಲಕ ದಾಟಿಸುತ್ತದೆ. ಪ್ರಯಾಣದ ಹೊತ್ತು ಕಡಿಮೆಯಾದದ್ದು ನಿಜ, ಅದು ಬೇಕಾಗಿಯೂ ಇತ್ತು. ಜೊತೆಗೆ ಹಳೆಯ ರಸ್ತೆಯ ಬಿಡದಿ ತಟ್ಟೆ ಇಡ್ಲಿಯ ಹೋಟೆಲುಗಳಿಗೂ ಮದ್ದೂರು ವಡೆಯ ಅಂಗಡಿಗಳಿಗೂ ವ್ಯಾಪಾರ ಇಳಿದ ಸಂಗತಿ ಪತ್ರಿಕೆಗಳಲ್ಲಿ ಅನೇಕ ಬಾರಿ ವರದಿಯಾಗಿದೆ. ಉಳಿತಾಯವಾದ ಹೊತ್ತಿನಲ್ಲಿ ಒಂದು ಪಾಲನ್ನು, ಹೋಗುವಾಗ ಇಲ್ಲದಿದ್ದರೂ ಬರುವಾಗಲಾದರೂ, ಹಳೆಯ ರಸ್ತೆಗೆ ಇಳಿದು ಈ ಊರುಗಳಲ್ಲಿ ಒಂದರಲ್ಲಿ ಕುಳಿತು ತಿನ್ನುವುದಕ್ಕೆ ಮೀಸಲಿಡಬೇಕೆಂಬುದು ತಮ್ಮಲ್ಲಿ ಮಾಡುವ ಮೊದಲ ಕೋರಿಕೆ. ಮುಂದೆ ಬೇರೆ ಹೆದ್ದಾರಿಗಳಲ್ಲೂ ಇಂಥ ಬೈಪಾಸುಗಳು ಆಗಲಿವೆ, ಅಲ್ಲಿಯೂ ಇದೇ ಕೋರಿಕೆ ಸಲ್ಲುತ್ತದೆ.

ಪ್ರವಾಸದ ದಿನಚರಿಯನ್ನು ಬರೆಯುವಾಗ ದಿನಕ್ಕೆ ಒಂದು ಹೊತ್ತಿನ ಊಟವನ್ನಾದರೂ ಮೊದಲು ಗೊತ್ತುಮಾಡಿ, ಗುಡಿ-ಕೋಟೆಗಳನ್ನು ಅದರ ಹಿಂದುಮುಂದಿಗೆ ಹೊಂದಿಸಿಕೊಳ್ಳಬೇಕೆಂಬುದು ಎರಡನೆಯದು. ಬಾದಾಮಿಯ ಗುಹೆಗಳು ಸಂಜೆಯವರೆಗೂ ತೆರೆದಿರುತ್ತವೆ, ಬಿಸಿ ರೊಟ್ಟಿ ತೆರೆದಿರುವುದಿಲ್ಲ.

ಮೂರನೆಯದು ಅಂತರ್ಜಾಲದಲ್ಲಿ ತಾವು ಬರೆಯುವ ವಿಮರ್ಶೆಗಳ ಕುರಿತು. ಮೂರೂವರೆಗೆ ಹೋದಾಗ ಊಟ ಸಿಗಲಿಲ್ಲ, ಎಸಿ ಇಲ್ಲ, ಪಟ್ಟಿ ಚಿಕ್ಕದು ಎಂಬ ಕಾರಣಕ್ಕೆ ಒಂದು ನಕ್ಷತ್ರ ಕೊಡುವುದರಿಂದ ಗಂಡ, ಹೆಂಡತಿ, ಇಬ್ಬರು ಕೆಲಸದವರು ಸೇರಿ ನಡೆಸುವ ಹೋಟೆಲಿಗೆ ಆಗುವ ಹಾನಿಯನ್ನು ಅವರು ಸರಿಪಡಿಸಿಕೊಳ್ಳುವ ಬಗೆಯೇ ಇಲ್ಲ. ಅದಕ್ಕೆ ಉತ್ತರ ಬರೆಯುವ ಪುರುಸೊತ್ತೂ ಅವರಿಗಿರುವುದಿಲ್ಲ. ಅದರ ಬದಲು ಬಾಗಿಲು ತೆರೆಯುವ ಹೊತ್ತು, ಮುಚ್ಚುವ ಹೊತ್ತು, ವಾರದ ರಜೆ ಯಾವ ದಿನ, ಯಾವ ತಿನಿಸು ಎಷ್ಟು ಗಂಟೆಗೆ ಮುಗಿಯುತ್ತದೆ, ಕಾರು ಎಲ್ಲಿ ನಿಲ್ಲಿಸಬಹುದು, ಶೌಚಾಲಯ ಇದೆಯೇ ಇಲ್ಲವೇ ಎಂಬ ಆರು ಸಂಗತಿಗಳನ್ನು ಕನ್ನಡದಲ್ಲಿ ಬರೆದು ಹಾಕಿದರೆ, ಮುಂದಿನ ವಾರ ಅದೇ ಊರಿಗೆ ಹೋಗುವ ಇನ್ನೊಂದು ಕುಟುಂಬ ಹೊತ್ತಿಗೆ ಸರಿಯಾಗಿ ಅಲ್ಲಿರುತ್ತದೆ. ತಾವು ಈ ಮೂರು ಕೋರಿಕೆಗಳನ್ನು ಮುಂದಿನ ರಜೆಗೆ ಹೊರಡುವ ಮುನ್ನ ಮನೆಯವರೆಲ್ಲ ಕುಳಿತು ಪರಿಶೀಲಿಸಬೇಕೆಂದು ಸವಿನಯ ಪ್ರಾರ್ಥನೆ.

ಇತಿ ವಿಶ್ವಾಸಪೂರ್ವಕ,
ನಾಡಿನ ಹೋಟೆಲು-ಖಾನಾವಳಿಗಳ ಒಬ್ಬ ಗಿರಾಕಿ